ಸೀನನಿಗೆ, ತೀರ್ಪುಗಾರನಿಂದ

ಪ್ರೀತಿಯ ಸೀನ,

ಉಪ್ಪಿಟ್ಟಿನ ಕೇಸು ಇನ್ನೂ ಬಾಕಿ ಇದೆ, ಮರೆತಿಲ್ಲ. (ಓದುತ್ತಿರುವ ಉಳಿದವರು ಕ್ಷಮಿಸಿ, ಅದು ನಮ್ಮಿಬ್ಬರ ವ್ಯವಹಾರ.)

ನನ್ನನ್ನೂ ಒಂದು ಕಥಾಸ್ಪರ್ಧೆಗೆ ತೀರ್ಪುಗಾರ ಮಾಡಿದ್ದಾರೆ ಕಣೋ. ನಗಬೇಡ. ಕಥೆಗಳನ್ನು ಬದಿಗಿಟ್ಟು, ವಿಮರ್ಶಕ ಅಂದರೆ ಯಾರು ಅಂತ ಹುಡುಕುತ್ತಾ ಗ್ರೀಸ್‌ಗೆ ಹೋಗಿ ಕೂತಿದ್ದೇನೆ. ಕ್ರಿಟಿಕ್, ಕ್ರೈಸಿಸ್ ಎರಡರ ಬೇರೂ ಗ್ರೀಕಿನ ‘ಕ್ರಿನೇನ್’. ಬೇರ್ಪಡಿಸುವುದು ಅಂತ ಅರ್ಥ. ಹೋಮರನ ಮಹಾಕಾವ್ಯ ಇಲಿಯಡ್‌ನ 5ನೇ ಭಾಗದಲ್ಲಿ ಒಂದು ಕಣ ಬರುತ್ತದೆ. ಜನ ತೂರುತ್ತಿದ್ದಾರೆ, ಬೀಸುವ ಗಾಳಿಯಲ್ಲಿ ದೇವತೆ ಡಿಮೀಟರ್ ಕಾಳು ಹೊಟ್ಟು ಬೇರೆ ಮಾಡುತ್ತಾಳೆ. ಅಲ್ಲಿ ಹೋಮರ್ ಬಳಸಿದ್ದು ಇದೇ ಕ್ರಿಯಾಪದ. ಹಾಗೆ ಬೇರ್ಪಡಿಸಿ ನೋಡಬಲ್ಲವನು ‘ಕ್ರಿಟಿಕೋಸ್’. ವೈದ್ಯರ ಬಾಯಲ್ಲಿ ‘ಕ್ರಿಸಿಸ್’ ಅಂದರೆ ರೋಗಿ ಈ ಕಡೆಯೋ ಆ ಕಡೆಯೋ ಅಂತ ತೀರ್ಮಾನವಾಗುವ ಘಳಿಗೆ.

ನನಗೆ ಜಾಸ್ತಿ ಹಿಡಿಸಿದ್ದು ಪ್ರಾಚೀನ ಅಥೆನ್ಸಿನ ನಾಟಕ ಸ್ಪರ್ಧೆ. 10 ಬುಡಕಟ್ಟುಗಳಿಂದ ಒಬ್ಬೊಬ್ಬ ತೀರ್ಪುಗಾರ, ಅದೂ ಚೀಟಿ ಎತ್ತಿ. ಪಂಡಿತರೇ ಆಗಬೇಕೆಂದಿರಲಿಲ್ಲ. ಹತ್ತೂ ಜನ ತೀರ್ಪು ಬರೆದು ಮಡಕೆಗೆ ಹಾಕಿದರೂ ಹೊರಗೆ ತೆಗೆದು ಎಣಿಸುತ್ತಿದ್ದುದು ಐದನ್ನು ಮಾತ್ರ ಎನ್ನುತ್ತಾರೆ ವಿದ್ವಾಂಸರು. ಎಂಥ ಸುಖ, ಅಲ್ವಾ? ಸೋತ ಕವಿ ದಾರಿಯಲ್ಲಿ ಸಿಕ್ಕರೆ, ‘ನನ್ನ ಚೀಟಿ ಮಡಕೆಯಲ್ಲೇ ಉಳಿಯಿತು ಸ್ವಾಮಿ’ ಅಂದುಬಿಡಬಹುದು.

ನನಗೂ ಅಂಥದ್ದೊಂದು ಮಡಕೆ ಬೇಕು ಮಾರಾಯ. ಬಂದಿರುವುದರಲ್ಲಿ ಒಂದು ಕಥೆ ಇದೆ. ಎಷ್ಟು ಚೆನ್ನಾಗಿದೆ ಅಂದರೆ, ಎರಡನೇ ಪುಟದಿಂದಲೇ ಅದರಲ್ಲಿ ತಪ್ಪು ಹುಡುಕತೊಡಗಿದೆ. ಒಂದು ಒತ್ತಕ್ಷರ ತಪ್ಪಿತ್ತು, ಖುಷಿಯಾಯಿತು! ಬರೆದವರು ಯಾರೋ ಗೊತ್ತಿಲ್ಲ, ಹೆಸರು ಮುಚ್ಚಿದ್ದಾರೆ. ಹೀಗೆ ಬರೆಯಲು ನನಗೆ ಬರುವುದಿಲ್ಲ. ಇನ್ನು ಮುಂದೆ ಬರುವುದೂ ಇಲ್ಲ ಅನ್ನಿಸಿ, ರಾತ್ರಿ ಊಟ ಸೇರಲಿಲ್ಲ.

ಇಷ್ಟೆಲ್ಲ ಇಲ್ಲಿ ಬರೆಯಬಾರದಿತ್ತೇನೋ. ಬಿಡು, ತಮಾಷೆ ಕೇಳು. ಕ್ರಿ.ಪೂ. 2ನೇ ಶತಮಾನದಲ್ಲಿ ಕ್ರೇಟಿಸ್ ಅಂತ ಒಬ್ಬನಿದ್ದ, ಪೆರ್ಗಮಾನ್ ಅನ್ನುವ ಗ್ರೀಕ್ ನಗರದಲ್ಲಿದ್ದ ವಿದ್ವಾಂಸ. ತಾನು ಬರೀ ವ್ಯಾಕರಣದವನಲ್ಲ, ಕ್ರಿಟಿಕೋಸ್ ಅನ್ನುತ್ತಿದ್ದ. ರಾಯಭಾರಿಯಾಗಿ ರೋಮ್‌ಗೆ ಹೋದವನು ಚರಂಡಿ ಬಾಯಿಗೆ ಬಿದ್ದು ಕಾಲು ಮುರಿದುಕೊಂಡ. ಸುಮ್ನೆ ಮಲಗಿದನೇ? ವಾಸಿಯಾಗುವವರೆಗೂ ಉಪನ್ಯಾಸ ಕೊಟ್ಟ!

ನಮ್ಮ ಬೀದಿಯ ಚರಂಡಿ ನಿನಗೆ ಗೊತ್ತಲ್ಲ, ನಾನೂ ಕೆಳಗೆ ನೋಡಿಕೊಂಡೇ ನಡೆಯುತ್ತಿದ್ದೇನೆ. ಬಿದ್ದರೆ ಮೊದಲ ಕೇಳುಗ ನೀನೇ. ಬರುವಾಗ ಕಿತ್ತಳೆ ತಾ. ಬಹುಮಾನ ಯಾರಿಗೆ ಅಂತ ಮಾತ್ರ ಕೇಳಬೇಡ.

ಇತಿ ನಿನ್ನ
ಅರೆ ಪಂಡಿತ