‘ಹಾನಿಕಾರಕ’ ಎಂಬ ವಿಶೇಷಣವನ್ನು ಕೈಬಿಡಿ: ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಿಗೊಂದು ಬಹಿರಂಗ ಪತ್ರ

ಮಾನ್ಯ ಡಾ. ಟೆಡ್ರೋಸ್ ಅಧಾನೋಮ್ ಘೆಬ್ರೆಯೆಸಸ್ ಅವರಿಗೆ,

ಗೌರವಪೂರ್ವಕ ವಂದನೆಗಳು.

ಮದ್ಯದ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಜಾಗತಿಕ ಕ್ರಿಯಾ ಯೋಜನೆಯ ಅವಧಿ 2030ಕ್ಕೆ ಮುಗಿಯುತ್ತದೆ. ಅದರ ನಂತರದ ದಸ್ತಾವೇಜಿನ ಕರಡು ರೂಪುಗೊಳ್ಳುವ ಮೊದಲೇ ಒಂದು ಪದಗುಚ್ಛದತ್ತ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. 2005ರ ವಿಶ್ವ ಆರೋಗ್ಯ ಸಭೆಯ ನಿರ್ಣಯ, 2010ರ ಜಾಗತಿಕ ಕಾರ್ಯತಂತ್ರ, 2015ರ ಸುಸ್ಥಿರ ಅಭಿವೃದ್ಧಿ ಗುರಿಗಳು, 2022ರಲ್ಲಿ ಅಂಗೀಕಾರವಾದ ಕ್ರಿಯಾ ಯೋಜನೆ, ಇವೆಲ್ಲವೂ ಕಡಿಮೆ ಮಾಡಬೇಕೆನ್ನುವುದು ಮದ್ಯ ಸೇವನೆಯನ್ನಲ್ಲ, ‘ಮದ್ಯದ ಹಾನಿಕಾರಕ ಬಳಕೆ’ಯನ್ನು. ಆ ವಿಶೇಷಣವನ್ನು ಮುಂದಿನ ದಸ್ತಾವೇಜಿನಲ್ಲಿ ಕೈಬಿಡಬೇಕೆಂಬುದು ನನ್ನ ಮನವಿ.

ಅಸಾಂಕ್ರಾಮಿಕ ರೋಗಗಳ ತಡೆಗೆಂದು 2013ರಲ್ಲಿ ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡ ಗುರಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ. ತಂಬಾಕಿನ ಬಗ್ಗೆ ಅಲ್ಲಿರುವ ಮಾತು ನೇರವಾದದ್ದು: ತಂಬಾಕು ಬಳಕೆಯ ಪ್ರಮಾಣ ಶೇ 30ರಷ್ಟು ಇಳಿಯಬೇಕು. ಮದ್ಯದ ವಿಷಯಕ್ಕೆ ಬಂದಾಗ ‘ಹಾನಿಕಾರಕ ಬಳಕೆ’ ಕನಿಷ್ಠ ಶೇ 10ರಷ್ಟು ಇಳಿಯಬೇಕು, ಅದೂ ‘ಸೂಕ್ತವೆನಿಸಿದಂತೆ, ರಾಷ್ಟ್ರೀಯ ಸನ್ನಿವೇಶಕ್ಕೆ ಅನುಗುಣವಾಗಿ’. ತಂಬಾಕಿನ ಹಾನಿಕಾರಕ ಬಳಕೆ ಎಂದು ಬರೆಯಲು ಅಂದು ಯಾರಿಗೂ ಮನಸ್ಸು ಬರಲಿಲ್ಲ. ಬರೆದಿದ್ದರೆ ಹಾನಿಯಿಲ್ಲದ ಬಳಕೆ ಯಾವುದೆಂದು ಮರುಕ್ಷಣವೇ ಯಾರಾದರೂ ಕೇಳುತ್ತಿದ್ದರು. ಮದ್ಯದ ಮಟ್ಟಿಗೆ ಆ ಪ್ರಶ್ನೆ ಹುಟ್ಟದಂತೆ ವಿಶೇಷಣವೇ ನೋಡಿಕೊಂಡಿದೆ.

ಹಾಗಾದರೆ ಈ ‘ಹಾನಿಕಾರಕ ಬಳಕೆ’ಯನ್ನು ಅಳೆಯುವುದು ಹೇಗೆ? ಸುಸ್ಥಿರ ಅಭಿವೃದ್ಧಿ ಗುರಿ 3.5ರ ಅಡಿಯಲ್ಲಿರುವ ಸೂಚಕವು ಎಣಿಸುವುದು 15 ವರ್ಷ ಮೇಲ್ಪಟ್ಟವರ ವಾರ್ಷಿಕ ತಲಾ ಮದ್ಯ ಸೇವನೆಯನ್ನು, ಶುದ್ಧ ಆಲ್ಕೋಹಾಲ್‌ನ ಲೀಟರ್‌ಗಳಲ್ಲಿ. ಅಂದರೆ ಅಳತೆಗೆ ಸಿಗುವುದು ಒಟ್ಟು ಸೇವನೆ, ಘೋಷಣೆಯಲ್ಲಿ ಉಳಿಯುವುದು ಅದರ ಒಂದು ಭಾಗ ಮಾತ್ರ. 2010ರಲ್ಲಿ 5.7 ಲೀಟರ್ ಇದ್ದ ಜಾಗತಿಕ ತಲಾ ಸೇವನೆ 2019ರಲ್ಲಿ 5.5 ಲೀಟರ್‌ಗೆ ಇಳಿಯಿತೆಂದು ತಮ್ಮ ಸಂಸ್ಥೆಯ ವರದಿಯೇ ಹೇಳುತ್ತದೆ. ಅದೇ ವರದಿಯ ಪ್ರಕಾರ 2019ರಲ್ಲಿ ಮದ್ಯದಿಂದ ಸಂಭವಿಸಿದ ಸಾವುಗಳು 26 ಲಕ್ಷ. ಇಷ್ಟು ಅಲ್ಪ ಇಳಿಕೆಗೆ ಪದವೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೆ ತಾನು ಅಳೆಯುತ್ತಿರುವುದನ್ನು ಅದರ ಹೆಸರಿನಿಂದಲೇ ಕರೆಯಲು ಹಿಂಜರಿಯುವ ಗುರಿಯನ್ನು ಯಾವ ಹಣಕಾಸು ಸಚಿವಾಲಯ ಗಂಭೀರವಾಗಿ ಪರಿಗಣಿಸೀತು?

ವಿಜ್ಞಾನವಂತೂ ಈ ಒಕ್ಕಣೆಯನ್ನು ಹಿಂದೆ ಬಿಟ್ಟು ಮುಂದೆ ಸಾಗಿ ಬಹಳ ಕಾಲವಾಯಿತು. ತಮ್ಮ ಸಂಸ್ಥೆಯ ಭಾಗವೇ ಆಗಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯಯುಕ್ತ ಪಾನೀಯಗಳನ್ನು ಮೊದಲ ಗುಂಪಿನ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದ, ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದ್ದು 1988ರಲ್ಲಿ. ಆರೋಗ್ಯದ ಮಟ್ಟಿಗೆ ಮದ್ಯ ಸೇವನೆಯ ಯಾವ ಪ್ರಮಾಣವೂ ಸುರಕ್ಷಿತವಲ್ಲವೆಂದು 2023ರ ಜನವರಿಯಲ್ಲಿ ತಮ್ಮ ಯುರೋಪ್ ಪ್ರಾದೇಶಿಕ ಕಚೇರಿ ಸ್ಪಷ್ಟವಾಗಿ ಹೇಳಿತು. ಆ ಪ್ರದೇಶದಲ್ಲಿ ಮದ್ಯದಿಂದ ಬರುವ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟಕ್ಕೆ ‘ಲಘು’ ಮತ್ತು ‘ಮಿತ’ ಎನ್ನಲಾಗುವ ಸೇವನೆಯೇ ಕಾರಣವೆಂದೂ ತಿಳಿಸಿತು. ಮಿತವಾಗಿ ಕುಡಿದು ಸ್ತನ ಕ್ಯಾನ್ಸರ್‌ಗೆ ತುತ್ತಾದ ಮಹಿಳೆಯ ಬಳಕೆ ಹಾನಿಕಾರಕವಾಗಿತ್ತೇ? ಕುಡಿಯುವವರಿಗೂ ಸುತ್ತಲಿನವರಿಗೂ ಕೆಡುಕು ತರುವ ಸೇವನೆಯನ್ನೆಲ್ಲ ಒಳಗೊಳ್ಳುವ, 2010ರ ಕಾರ್ಯತಂತ್ರದೊಳಗಿನ ವಿಶಾಲವಾದ ವ್ಯಾಖ್ಯಾನವನ್ನು ಹುಡುಕಿ ಓದಿದವರು ಹೌದೆನ್ನಬಹುದು. ಆದರೆ ವ್ಯಾಖ್ಯಾನ ಪುಟಗಳ ಒಳಗೇ ಉಳಿಯುತ್ತದೆ, ಸುದ್ದಿಗೂ ಶಾಸನಸಭೆಗೂ ತಲುಪುವುದು ಶೀರ್ಷಿಕೆ; ಶೀರ್ಷಿಕೆಯನ್ನಷ್ಟೇ ಓದಿದವರ ಕಣ್ಣಮುಂದೆ ಬರುವುದು ಹದ ತಪ್ಪಿದ ಕುಡುಕನೊಬ್ಬನ ಚಿತ್ರ.

ಮದ್ಯೋದ್ಯಮಕ್ಕೆ ಅನುಕೂಲವಾಗಿರುವುದು ಇದೇ ಚಿತ್ರ. ದೋಷವೆಲ್ಲ ಕುಡಿಯುವವನ ಹದದಲ್ಲಿದೆ ಎಂದಾದರೆ ‘ಜವಾಬ್ದಾರಿಯಿಂದ ಕುಡಿಯಿರಿ’ ಎಂಬ ಸಾಲೊಂದನ್ನು ಜಾಹೀರಾತಿನ ಅಡಿಯಲ್ಲಿ ಅಚ್ಚು ಹಾಕಿದರೆ ಸಾಕು. ಬೆಲೆ, ಪ್ರಚಾರ, ಮಾರಾಟದ ಸಮಯ ಯಾವುದೂ ಚರ್ಚೆಗೆ ಬರಬೇಕಿಲ್ಲ. 2010ರ ಕಾರ್ಯತಂತ್ರ ಮದ್ಯದ ಉತ್ಪಾದಕರನ್ನೂ ವ್ಯಾಪಾರಿಗಳನ್ನೂ ‘ಆರ್ಥಿಕ ನಿರ್ವಾಹಕರು’ ಎಂದು ಕರೆದು, ಸ್ವಯಂ ನಿಯಂತ್ರಣದ ಕ್ರಮಗಳಿಗೆ ಅವರನ್ನು ಉತ್ತೇಜಿಸಿತು. 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣ ಚೌಕಟ್ಟು ಒಪ್ಪಂದದ ವಿಧಿ 5.3 ಮಾತ್ರ ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಗಳಿಂದ ರಕ್ಷಿಸಬೇಕೆಂದು ಸರ್ಕಾರಗಳಿಗೆ ವಿಧಿಸುತ್ತದೆ. ಮದ್ಯದ ವಿಷಯದಲ್ಲಿ ಅಂಥ ಒಪ್ಪಂದವೇ ಇಲ್ಲ.

‘ಹಾನಿಕಾರಕ’ ಎಂಬ ಪದವಿಲ್ಲದಿದ್ದರೆ ಒಮ್ಮತವೇ ಸಾಧ್ಯವಾಗುತ್ತಿರಲಿಲ್ಲ ಎಂಬ ಸಮರ್ಥನೆಯನ್ನು ನಾನು ತಳ್ಳಿಹಾಕುವುದಿಲ್ಲ. ಮದ್ಯವನ್ನು ನಿಷೇಧಿಸಿದ ದೇಶಗಳೂ ಅದನ್ನು ರಫ್ತು ಮಾಡಿ ಬದುಕುವ ದೇಶಗಳೂ ಒಂದೇ ನಿರ್ಣಯಕ್ಕೆ ಒಪ್ಪಬೇಕಾದಾಗ ಅಸ್ಪಷ್ಟತೆಗೂ ಬೆಲೆಯಿರುತ್ತದೆ. ವಿಶೇಷಣ ಹೋದರೆ ಪಾನನಿಷೇಧ ಬರುತ್ತದೆಂಬ ಭಯ ಮಾತ್ರ ನಿರಾಧಾರ. ಅಬಕಾರಿ ಸುಂಕದ ಹೆಚ್ಚಳ, ಜಾಹೀರಾತಿನ ನಿರ್ಬಂಧ, ಲಭ್ಯತೆಯ ಮಿತಿ, ತಮ್ಮ ಸಂಸ್ಥೆ ಅತ್ಯಂತ ಮಿತವ್ಯಯದ ಕ್ರಮಗಳೆಂದು ಶಿಫಾರಸು ಮಾಡಿರುವ ಈ ಮೂರೂ ಒಟ್ಟು ಸೇವನೆಯ ಮೇಲೆಯೇ ಕೆಲಸ ಮಾಡುತ್ತವೆ. ಅಲ್ಲದೆ ‘ಹಾನಿಕಾರಕ ಬಳಕೆ’ ಎಂಬುದು ರೋಗ ವರ್ಗೀಕರಣದಲ್ಲಿ ವೈದ್ಯರು ಬಳಸುವ ಪರಿಭಾಷೆಯೂ ಹೌದು. ಅದು ಅಲ್ಲಿಯೇ ಇರಲಿ.

ಕರಡಿನ ಪದ ಬದಲಾಗುವುದು ಅಸಾಧ್ಯವೇನಲ್ಲ. ಕ್ರಿಯಾ ಯೋಜನೆಯ 2021ರ ಕರಡಿನಲ್ಲಿ, ಗರ್ಭಿಣಿಯರ ಜೊತೆಗೆ ‘ಹೆರುವ ವಯಸ್ಸಿನ ಮಹಿಳೆಯರು’ ಕುಡಿಯುವುದನ್ನೂ ತಡೆಯುವತ್ತ ಗಮನ ಹರಿಸಬೇಕೆಂಬ ಸಾಲಿತ್ತು. ಅದಕ್ಕೆ ಹಲವೆಡೆಗಳಿಂದ ಟೀಕೆ ವ್ಯಕ್ತವಾಯಿತು, ಅಂತಿಮ ರೂಪದಲ್ಲಿ ಆ ಮಾತು ಉಳಿಯಲಿಲ್ಲ. ಟೀಕೆ ಸಾಧ್ಯವಾದದ್ದು ಕರಡು ಎಲ್ಲರ ಕಣ್ಣಿಗೆ ಬಿದ್ದದ್ದರಿಂದ.

ಆದ್ದರಿಂದ ಮುಂದಿನ ದಸ್ತಾವೇಜಿನ ಶೀರ್ಷಿಕೆಯಲ್ಲೂ ಗುರಿಯಲ್ಲೂ ‘ಮದ್ಯ ಸೇವನೆ ಮತ್ತು ಅದರಿಂದಾಗುವ ಹಾನಿ’ ಎಂಬ ಒಕ್ಕಣೆಯನ್ನು ತಮ್ಮ ಸಚಿವಾಲಯವೇ ಪ್ರಸ್ತಾಪಿಸಬೇಕು. ಅದನ್ನು ಯಾವುದಾದರೂ ಸದಸ್ಯ ರಾಷ್ಟ್ರ ಬದಲಿಸಬಯಸಿದರೆ, ಆ ತಿದ್ದುಪಡಿಯೂ ಅದನ್ನು ಸೂಚಿಸಿದ ರಾಷ್ಟ್ರದ ಹೆಸರೂ ಸಭೆಗೆ ಮುಂಚೆಯೇ ಪ್ರಕಟವಾಗುವಂತೆ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇನೆ.

ಇಂತಿ,
ಸಾರ್ವಜನಿಕ ಆರೋಗ್ಯದಲ್ಲಿ ಆಸಕ್ತಿಯುಳ್ಳ ಒಬ್ಬ ನಾಗರಿಕ