ಕಾಲುದಾರಿಯಲ್ಲಿ ನಡೆಯಲು ಅಪ್ಪಣೆ ಕೇಳಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಇಂಗ್ಲೆಂಡಿನ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಬಂದವರು ಇಲ್ಲಿ ಕೂತೂ ನಿಮ್ಮ ಪತ್ರಿಕೆಯನ್ನು ಮೊಬೈಲಿನಲ್ಲಿ ಓದುತ್ತಾರೆ. ಅವರಿಗೆ, ಅದಕ್ಕಿಂತ ಜಾಸ್ತಿ ಇಲ್ಲೇ ನೆಲೆಸಿದ ನನ್ನಂಥವರಿಗೆ, ಒಂದು ವಿಷಯ ಹೇಳಬೇಕು ಅನಿಸಿ ಈ ಪತ್ರ. ಹಳ್ಳಿಯ ಹೊಲಗಳ ನಡುವೆ ಹಾದುಹೋಗುವ ಕಾಲುದಾರಿ ಮತ್ತು ಕುದುರೆದಾರಿಗಳ ವಿಷಯ.

ನಾನಿರುವುದು ಆಕ್ಸ್‌ಫರ್ಡ್‌ಶೈರ್‌ನ ಒಂದು ಪುಟ್ಟ ಪ್ಯಾರಿಷ್‌ನಲ್ಲಿ. ಪ್ಯಾರಿಷ್ ಕೌನ್ಸಿಲ್ ಎಂದರೆ ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ, ಅಧಿಕಾರ ಮಾತ್ರ ಕಡಿಮೆ. ದಕ್ಷಿಣಕ್ಕೆ ಸೀಮೆಸುಣ್ಣದ ಗುಡ್ಡಸಾಲು. ಅದರ ನೆತ್ತಿಯ ಮೇಲೆ ರಿಡ್ಜ್‌ವೇ ಎಂಬ ಬಹಳ ಹಳೆಯ ದಾರಿ. ಕೆಳಗೆ ಗೋಧಿ, ಬಾರ್ಲಿ, ಕುರಿ, ದನ. ಹಳ್ಳಿಯಿಂದ ನಾಲ್ಕೂ ಕಡೆಗೆ ಕಾಲುದಾರಿಗಳಿವೆ. ಹಳದಿ ಬಾಣ ಇದ್ದರೆ ಕಾಲುದಾರಿ. ನೀಲಿ ಬಾಣ ಇದ್ದರೆ ಬ್ರೈಡಲ್‌ವೇ, ಅಂದರೆ ನಡೆಯುವವರ ಜೊತೆ ಕುದುರೆಯೂ ಹೋಗಬಹುದು. 1968ರ ಕಾಯ್ದೆ ಬಂದ ಮೇಲೆ ಸೈಕಲ್ಲಿಗೂ ಅಲ್ಲಿ ಜಾಗ ಸಿಕ್ಕಿತು. ಆದರೆ ಸೈಕಲ್ಲಿನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು.

ಇಷ್ಟೆಲ್ಲ ಇದ್ದರೂ ನಮ್ಮವರು ಗೇಟಿನ ಹತ್ತಿರ ನಿಂತು, "ಯಾರದ್ದೋ ಜಮೀನು, ಬೈದರೆ ಕಷ್ಟ, ಬಾ ಹೋಗೋಣ" ಎಂದು ವಾಪಸ್ ಹೊರಡುವುದನ್ನು ನೋಡುತ್ತಲೇ ಇರುತ್ತೇನೆ. ಜಮೀನು ಯಾರದ್ದೋ ನಿಜ. ದಾರಿ ಮಾತ್ರ ಎಲ್ಲರದ್ದು. ಲಂಡನ್ನಿಗೆ ಹೋಗುವ ಡಾಂಬರು ರಸ್ತೆಯೂ ಗೋಧಿ ಹೊಲದ ಮಧ್ಯದ ಆ ಸಣ್ಣ ಜಾಡೂ ಕಾನೂನಿನ ಮಟ್ಟಿಗೆ ಸಾರ್ವಜನಿಕ ರಸ್ತೆಗಳೇ. ರೈತ ದಯೆಯಿಂದ ಬಿಟ್ಟುಕೊಟ್ಟದ್ದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಇಂಥ ದಾರಿಗಳ ಉದ್ದ ಸುಮಾರು 2,25,000 ಕಿಲೋಮೀಟರ್. ಹಾಗಂತ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಹುಪಾಲು ನೆಲದ ಮೇಲೆ ಓಡಾಡುವ ಹಕ್ಕು ಕೊಟ್ಟಿದೆ. ಇಂಗ್ಲೆಂಡಿನಲ್ಲಿ ಅಂಥ ಮುಕ್ತ ಜಾಗ ನೂರಕ್ಕೆ ಎಂಟರಷ್ಟು ಮಾತ್ರ. ಉಳಿದ ಕಡೆ ಮ್ಯಾಪಿನಲ್ಲಿರುವ ಗೆರೆಯ ಮೇಲೆಯೇ ನಡೆಯಬೇಕು.

ಆ ಗೆರೆ ಎಲ್ಲಿಂದ ಬಂತು ಎಂಬುದು ತಿಳಿಯಬೇಕಾದ ಕಥೆ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. ಪ್ರತಿ ಕೌಂಟಿಯೂ, ಅಂದರೆ ನಮ್ಮ ಜಿಲ್ಲೆಯಂಥದ್ದು, ತನ್ನ ದಾರಿಗಳ ಅಧಿಕೃತ ಮ್ಯಾಪ್ ಮಾಡಬೇಕು ಎಂದು ಅದು ಹೇಳಿತು. ಕೆಲಸ ಬಿದ್ದದ್ದು ಪ್ಯಾರಿಷ್‌ಗಳ ತಲೆಗೆ. 1950ರ ದಶಕದ ಮೊದಲಲ್ಲಿ ಊರಿನ ಕೆಲವರು ಹಾಳೆ ಪೆನ್ಸಿಲ್ ಹಿಡಿದು ನಡೆದು, ಇದು ನಮ್ಮ ದಾರಿ, ಅದು ನಮ್ಮ ದಾರಿ ಎಂದು ಬರೆದರು. ಕೆಲವು ಊರಿನವರು ಅಚ್ಚುಕಟ್ಟಾಗಿ ಮಾಡಿದರು. ಕೆಲವು ಕಡೆ ಬೇಸರದಲ್ಲಿ ಮುಗಿಸಿದರು. ಕೌನ್ಸಿಲ್‌ನಲ್ಲಿ ದೊಡ್ಡ ಜಮೀನ್ದಾರರೇ ಕೂತಿದ್ದರೆ ಅವರ ಹೊಲದ ದಾರಿ ಮರೆತೇ ಹೋದದ್ದೂ ಇರಬಹುದು, ಬಲ್ಲವರು ಯಾರು!

ಇದರ ಫಲವನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಒಂದೇ ದಾರಿ ನಮ್ಮ ಪ್ಯಾರಿಷ್‌ನಲ್ಲಿ ಕುದುರೆದಾರಿ. ಗಡಿಯ ಬೇಲಿ ದಾಟಿ ಪಕ್ಕದ ಪ್ಯಾರಿಷ್‌ಗೆ ಹೋದ ಕೂಡಲೇ ಅದು ಬರೀ ಕಾಲುದಾರಿ. ಕುದುರೆಯ ಮೇಲೆ ಬಂದವರು ಅಲ್ಲಿ ಏನು ಮಾಡಬೇಕು? ಕುದುರೆ ಹೊತ್ತುಕೊಂಡು ಹೋಗಬೇಕಾ? ಇಂಗ್ಲೆಂಡಿನಲ್ಲಿ ಇಂಥ ದಾರಿಗಳು ಬೇಕಾದಷ್ಟಿವೆ. ಇಷ್ಟು ದೊಡ್ಡ ಜಾಲದಲ್ಲಿ ಕುದುರೆಗೆ ಸಿಕ್ಕಿರುವುದು ಐದನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅದೂ ತುಂಡು ತುಂಡು. ಹಾಗಾಗಿ ಸವಾರರು ಲಾರಿಗಳು ಓಡಾಡುವ ರಸ್ತೆಗೆ ಇಳಿಯಬೇಕಾಗುತ್ತದೆ. ಮ್ಯಾಪಿಗೆ ಸೇರದೇ ಉಳಿದ ದಾರಿಗಳೂ ಕಡಿಮೆಯೇನಲ್ಲ. ನಡೆಯುವವರ ಪರವಾಗಿ ಕೆಲಸ ಮಾಡುವ ರ‍್ಯಾಂಬ್ಲರ್ಸ್ ಸಂಸ್ಥೆಯವರು 2020ರಲ್ಲಿ ಹಳೆಯ ಮ್ಯಾಪುಗಳನ್ನು ಈಗಿನದಕ್ಕೆ ಹೋಲಿಸಿ, ಹೀಗೆ ಬಿಟ್ಟುಹೋಗಿರಬಹುದಾದ 49,000 ಮೈಲಿಗಿಂತ ಜಾಸ್ತಿ ದಾರಿ ಗುರುತಿಸಿದರು.

ಮ್ಯಾಪಿನಲ್ಲಿ ಇದ್ದ ಮಾತ್ರಕ್ಕೆ ದಾರಿ ತೆರೆದಿರುತ್ತದೆ ಎಂದೂ ಇಲ್ಲ. ಈಸ್ಟ್ ಸಸೆಕ್ಸ್‌ನ ಫ್ರ್ಯಾಮ್‌ಫೀಲ್ಡ್ ಎಂಬ ಊರಿನ 9ನೇ ನಂಬರಿನ ಕಾಲುದಾರಿಯ ಕಥೆ ಇಲ್ಲಿ ಹೆಸರುವಾಸಿ. ನಿಕೋಲಸ್ ವ್ಯಾನ್ ಹೂಗ್‌ಸ್ಟ್ರಾಟನ್ ಎಂಬ ಆಸ್ತಿವಂತನಿಗೆ ಸೇರಿದ ಎಸ್ಟೇಟಿನಲ್ಲಿ ದಾರಿಗೆ ಅಡ್ಡವಾಗಿ ಕೊಟ್ಟಿಗೆ ಎದ್ದಿತ್ತು. ಮುಳ್ಳುತಂತಿ ಇತ್ತು, ಹಳೆಯ ಫ್ರಿಜ್ ಪೆಟ್ಟಿಗೆಗಳನ್ನೂ ಪೇರಿಸಿದ್ದರು. ತೆರವು ಮಾಡಿಸಬೇಕಾದ ಕೌಂಟಿ ಕೌನ್ಸಿಲ್ ಏನು ಮಾಡಿತು ಗೊತ್ತಾ? ಕೊಟ್ಟಿಗೆ ಸುತ್ತಿ ಹೋಗುವಂತೆ ದಾರಿಯನ್ನೇ ಬದಲಿಸಲು ಹೊರಟಿತು. ಸಾರ್ವಜನಿಕ ದಾರಿ, ಬಯಲುಗಳ ಉಳಿವಿಗೆ ಹೋರಾಡುವ ಓಪನ್ ಸ್ಪೇಸಸ್ ಸೊಸೈಟಿಯ ಕೇಟ್ ಆ್ಯಶ್‌ಬ್ರೂಕ್ ಬಿಡಲಿಲ್ಲ. 2002ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. 2003ರ ಫೆಬ್ರುವರಿಯಲ್ಲಿ ದಾರಿ ತೆರೆಯಿತು. ಒಂದು ದಶಕಕ್ಕೂ ಹೆಚ್ಚು ಕಾಲ ಜನ ಆ ಕಡೆ ಹೋಗಲಾಗಿರಲಿಲ್ಲ.

ನಮ್ಮೂರಿನಲ್ಲಿ ಅಷ್ಟು ದೊಡ್ಡ ರಾದ್ಧಾಂತ ಇಲ್ಲ. ಇಲ್ಲಿ ಶತ್ರು ಮೆಕ್ಕೆಜೋಳ. ಬಿತ್ತುವಾಗ ದಾರಿಯ ಮೇಲೆಯೂ ಬಿತ್ತುತ್ತಾರೆ. ಆಗಸ್ಟ್ ಹೊತ್ತಿಗೆ ಬೆಳೆ ತಲೆಗಿಂತ ಎತ್ತರ, ಒಳಗೆ ಹೋದವರಿಗೆ ದಿಕ್ಕು ತಿಳಿಯುವುದಿಲ್ಲ. 1990ರ ಕಾಯ್ದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಹೊಲದ ನಡುವೆ ಹಾದುಹೋಗುವ ದಾರಿಯನ್ನು ಉಳಬಹುದು. ಆದರೆ ಬಿತ್ತನೆಗೆ ಮೊದಲ ಸಲ ಉತ್ತ ಮೇಲೆ 14 ದಿನದೊಳಗೆ ಮತ್ತೆ ಸರಿಮಾಡಿ ಗುರುತು ಕಾಣುವಂತೆ ಮಾಡಬೇಕು. ಅಗಲ ಬೇರೆ ದಾಖಲಾಗಿಲ್ಲದಿದ್ದರೆ ಕಾಲುದಾರಿ ಕನಿಷ್ಠ 1 ಮೀಟರ್, ಕುದುರೆದಾರಿ 2 ಮೀಟರ್. ಹೊಲದ ಅಂಚಿನ ದಾರಿಯನ್ನಂತೂ ಉಳುವಂತೆಯೇ ಇಲ್ಲ.

ರೈತರ ಕಷ್ಟವೂ ಸುಳ್ಳಲ್ಲ. ನಾನು ತೋಟದ ಮನೆಯಲ್ಲಿ ಬೆಳೆದವನು, ತಡಮೆ ದಾಟಿ ಬಂದವರು ಉಣುಗೋಲು ಹಾಕದೆ ಹೋದರೆ ಏನಾಗುತ್ತದೆ ಎಂದು ಬಲ್ಲೆ. ನಾಯಿ ಬಿಟ್ಟು ಕುರಿ ಬೆದರಿಸುವವರು, ಗೇಟು ತೆರೆದೇ ಹೋಗುವವರು, ಗೋಧಿ ತುಳಿದು ಫೋಟೊ ತೆಗೆಯುವವರು ಇಲ್ಲಿ ಧಾರಾಳ ಇದ್ದಾರೆ. ಅವರನ್ನು ಬೈಯಲಿ, ನಾನೂ ಸೇರಿ ಬೈಯುತ್ತೇನೆ. ಅದಕ್ಕೆಂದು ದಾರಿ ಮುಚ್ಚುವುದು ಉತ್ತರವಲ್ಲ. ಕರು ಜೊತೆಗಿರುವ ಹಸುಗಳ ಹತ್ತಿರ ಮಾತ್ರ ಹುಷಾರು. ಅವು ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. 1980ರ ಹೈವೇಸ್ ಆ್ಯಕ್ಟ್‌ನ 31ನೇ ಸೆಕ್ಷನ್ ಹೀಗೆ ಹೇಳುತ್ತದೆ. ಮ್ಯಾಪಿನಲ್ಲಿಲ್ಲದ ಒಂದು ದಾರಿಯಲ್ಲಿ ಜನ 20 ವರ್ಷ ತಡೆಯಿಲ್ಲದೆ ಓಡಾಡಿದ್ದರೆ, ಮಾಲೀಕ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಂತೆ. ತನಗೆ ಆ ಉದ್ದೇಶ ಇರಲಿಲ್ಲ ಎಂದು ಅವನು ತೋರಿಸಿದರೆ ಮಾತ್ರ ಬೇರೆ ಮಾತು. ಓಡಾಟ ಬಲವಂತದ್ದಾಗಿರಬಾರದು, ಕದ್ದುಮುಚ್ಚಿ ಆಗಿರಬಾರದು, ಅಪ್ಪಣೆ ಪಡೆದದ್ದೂ ಆಗಿರಬಾರದು. ಕೊನೆಯದನ್ನು ಮತ್ತೊಮ್ಮೆ ಓದಿ. ಅಪ್ಪಣೆ ಪಡೆದು ನಡೆದರೆ ಆ ನಡಿಗೆ ಲೆಕ್ಕಕ್ಕೇ ಇಲ್ಲ! ನಮ್ಮವರ ಸಂಕೋಚ ಕೆಲಸ ಕೆಡಿಸುವುದು ಇಲ್ಲಿಯೇ. ಮರ್ಯಾದೆ ಎಂದುಕೊಂಡು "ಈ ಕಡೆ ಹೋಗಬಹುದಾ ಸರ್?" ಎಂದು ಕೇಳುತ್ತೇವೆ. ಅವರು ನಗುತ್ತಾ "ಧಾರಾಳವಾಗಿ" ಎನ್ನುತ್ತಾರೆ. ಅಲ್ಲಿಗೆ ಅದು ಅವರ ಉಪಕಾರವಾಯಿತು. ಮಾಲೀಕರು ಕೆಲವೆಡೆ "ಪರ್ಮಿಸಿವ್ ಪಾತ್", ಅಂದರೆ ಮಾಲೀಕರ ಅಪ್ಪಣೆಯ ದಾರಿ, ಎಂದು ಬೋರ್ಡು ಹಾಕುವುದೂ, ವರ್ಷಕ್ಕೊಂದು ದಿನ ಗೇಟಿಗೆ ಬೀಗ ಜಡಿಯುವುದೂ ಇದೇ ಕಾರಣಕ್ಕೆ. ನಮಸ್ಕಾರ ಹೇಳಿ, ಹವಾಮಾನದ ಮಾತಾಡಿ. ಅಪ್ಪಣೆ ಮಾತ್ರ ಕೇಳಬೇಡಿ.

20 ವರ್ಷದ ಲೆಕ್ಕ ನಮಗೆ ಹೊಸದೇನಲ್ಲ. ಭಾರತದ 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಇದೆ. ಅಲ್ಲಿ ಅದು ಒಂದು ಜಮೀನಿನವರಿಗೆ ಪಕ್ಕದ ಜಮೀನಿನ ಮೇಲೆ ಸಿಗುವ ಹಕ್ಕು. ಇಲ್ಲಿ ಅದು ಊರಿಗೆಲ್ಲ, ಪರಊರಿನವರಿಗೂ.

ಇಂಥ ದಾರಿಯನ್ನು ಮ್ಯಾಪಿಗೆ ಸೇರಿಸಲು ಕೌಂಟಿ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ಎರಡು ಬಗೆಯ ಸಾಕ್ಷಿ. ಒಂದು ಹಳೆಯ ದಾಖಲೆ. ಇನ್ನೊಂದು, ನಡೆದವರ ಹೇಳಿಕೆ. ಈ ಎರಡನೆಯದರಲ್ಲಿ ನಮ್ಮ ಕೆಲಸವಿದೆ. ಕರ್ನಾಟಕದಿಂದ ಬಂದು ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದು, ಹಳ್ಳಿಗಳಲ್ಲಿ ಮನೆ ಮಾಡಿ, ದಶಕಗಳಿಂದ ಸಂಜೆ ವಾಕಿಂಗ್ ಹೋಗುತ್ತಿರುವ ಡಾಕ್ಟರುಗಳು ಎಷ್ಟು ಜನ ಇದ್ದಾರೆ! ಅವರಿಗೆ ಹೇಳಿದರೆ, "ನಾವು ಹೊರಗಿನವರು, ಊರಿನ ಜಗಳ ನಮಗೇಕೆ" ಎನ್ನುತ್ತಾರೆ. ಕಾನೂನು ಕೇಳುವುದು ನಡೆದಿದ್ದೀರಾ ಎಂದು ಮಾತ್ರ. ಎಲ್ಲಿ ಹುಟ್ಟಿದಿರಿ ಎಂದು ಕೇಳುವುದಿಲ್ಲ. ಊರಿನ ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಹೊಸಬರಿಗೆ 20 ವರ್ಷ ಆಗಿಲ್ಲ. ನಡುವೆ ಉಳಿದವರು ನಾವೇ.

ಹಳೆಯ ದಾಖಲೆಗಳ ಆಧಾರದ ಮೇಲೆ ದಾರಿ ಸೇರಿಸಲು 2000ನೇ ಇಸವಿಯ ಕಾಯ್ದೆ 2026ರ ಜನವರಿ 1ರ ಗಡುವು ಹಾಕಿತ್ತು. ಸರ್ಕಾರ ಅದನ್ನು ತೆಗೆಯುತ್ತೇವೆ ಎಂದಿತು, ಆಮೇಲೆ ಇಲ್ಲ 2031 ಎಂದಿತು, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆಗೆಯುತ್ತೇವೆ ಎಂದಿತು. ನನ್ನ ಪ್ರಕಾರ ಅಂಥ ಗಡುವು ಇರಲೇಬಾರದಿತ್ತು. ಕೌಂಟಿ ಕೌನ್ಸಿಲ್‌ಗಳಲ್ಲಿ ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತವೆ. ಅವರ ತಡಕ್ಕೆ ಗಡುವಿಲ್ಲ, ಜನರಿಗೆ ಮಾತ್ರ ಗಡುವು, ಇದ್ಯಾವ ನ್ಯಾಯ?

ಮುಚ್ಚಿದ ದಾರಿ ಕಂಡರೆ ಸುಮ್ನೆ ವಾಪಸ್ ಬರಬೇಡಿ. ಕೌಂಟಿ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ದಾರಿಯ ನಂಬರ್, ಜಾಗ, ತಾರೀಖು, ಫೋಟೊ ಸಮೇತ ದೂರು ಹಾಕಿ. ಪ್ಯಾರಿಷ್ ಕೌನ್ಸಿಲ್‌ನ ಕ್ಲರ್ಕಿಗೂ ಒಂದು ಪ್ರತಿ ಕಳಿಸಿ. ಮೆಕ್ಕೆಜೋಳದ ದಾರಿ ನಮ್ಮೂರಲ್ಲಿ ಮತ್ತೆ ತೆರೆದದ್ದು ಹೀಗೆಯೇ, ಹಲವರು ಬರೆದ ಮೇಲೆ. ಮ್ಯಾಪಿನಲ್ಲಿಲ್ಲದ ದಾರಿಯಾದರೆ, ನಡೆದವರು ತುಂಬುವ ಫಾರಂ ಕೌಂಟಿ ಕೌನ್ಸಿಲ್‌ನಲ್ಲೇ ಸಿಗುತ್ತದೆ. ಯಾವ ವರ್ಷದಿಂದ ನಡೆಯುತ್ತಿದ್ದೀರಿ, ವಾರಕ್ಕೆ ಎಷ್ಟು ಸಲ, ದಾರಿಯಲ್ಲಿ ಗೇಟು ಬೋರ್ಡು ಇದ್ದವೇ, ಯಾರಾದರೂ ತಡೆದರೇ, ಎಂದೆಲ್ಲ ಕೇಳುತ್ತಾರೆ. ಮ್ಯಾಪಿನ ಮೇಲೆ ಗೆರೆ ಎಳೆದು ಸಹಿ ಹಾಕಬೇಕು. ಗಂಡ ಹೆಂಡತಿ ಇಬ್ಬರೂ ನಡೆದಿದ್ದರೆ ಬೇರೆ ಬೇರೆ ಫಾರಂ ತುಂಬಿ.

ಇಂತಿ,
ಆಕ್ಸ್‌ಫರ್ಡ್‌ಶೈರ್‌ನಲ್ಲಿ ನೆಲೆಸಿರುವ ನಿಮ್ಮ ಓದುಗ