ಒಂದು ಊಹೆ, ಅದರ ಪೂರ್ತಿ ಲೆಕ್ಕ

ಪ್ರಿಯ ತಂಗಿಗೆ,

ಆಶೀರ್ವಾದಗಳು. ನಿನ್ನ ಪತ್ರವನ್ನೂ ಅದರ ಜೊತೆಗಿದ್ದ ಕಥೆಯನ್ನೂ ಓದಿದೆ. ವಿಜ್ಞಾನ ಕಥೆಗಳನ್ನು ಬರೆದವರಲ್ಲಿ ನನಗೆ ಅಚ್ಚುಮೆಚ್ಚಿನವರು ಯಾರು, ಮೊದಲು ಯಾವ ಪುಸ್ತಕ ಹಿಡಿಯಬೇಕು ಎಂದು ಕೇಳಿದ್ದೀಯ. ಕಥೆಯ ಬಗ್ಗೆ ಅಭಿಪ್ರಾಯ ಕೇಳಲು ಸಂಕೋಚಪಟ್ಟಂತಿದೆ. ಆದರೆ ನಿನ್ನ ಕಥೆಯನ್ನು ಮುಂದಿಟ್ಟುಕೊಂಡೇ ಆ ಪುಸ್ತಕಗಳ ಬಗ್ಗೆ ಮಾತನಾಡುವುದು ನನಗೆ ಸುಲಭ. ನಿನಗೂ ಅದೇ ಹೆಚ್ಚು ಉಪಯೋಗ.

ನಿನ್ನ ಕಥೆಯ ಬೆಂಗಳೂರಿನಲ್ಲಿ ಕೊಳವೆಬಾವಿಗಳೆಲ್ಲ ಬತ್ತಿವೆ, ಕಾವೇರಿ ನೀರು ನಿಂತುಹೋಗಿದೆ, ಒಬ್ಬ ವಿಜ್ಞಾನಿ ಗಾಳಿಯಿಂದ ನೀರು ಹಿಂಡುವ ಯಂತ್ರವನ್ನು ಕಂಡುಹಿಡಿಯುತ್ತಾನೆ. ಒಳ್ಳೆಯ ಊಹೆ, ನಮ್ಮ ನೆಲದಿಂದಲೇ ಹುಟ್ಟಿದ ಊಹೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ನೀರನ್ನು ಮೇಲೆತ್ತಿ ತರಿಸಿಕೊಳ್ಳುವ ಊರಿಗೆ ಈ ಭಯ ಹೊಸದೇನಲ್ಲ. ಆದರೆ ನಿನ್ನ ವಿಜ್ಞಾನಿ ಸಹಾಯಕನಿಗೆ ಯಂತ್ರದ ವಿವರ ಹೇಳುವುದರಲ್ಲೇ ಮೂರು ಪುಟ ಕಳೆಯುತ್ತಾನೆ. ಆಮೇಲೆ ಯಂತ್ರ ಚಾಲೂ ಆಗುತ್ತದೆ, ನೀರು ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಕಥೆ ಮುಗಿಯುತ್ತದೆ. ಕಥೆ ಶುರುವಾಗಬೇಕಿದ್ದದ್ದೇ ಅಲ್ಲಿಂದ.

ನನಗೆ ಪ್ರಿಯರಾದ ಬರಹಗಾರರ ಸ್ವಭಾವ ಒಂದೊಂದು ಬಗೆ, ಭಾಷೆ ಒಂದೊಂದು ಬಗೆ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಅವರು ಒಂದು ಊಹೆ ಮಾಡುತ್ತಾರೆ, ಆಮೇಲೆ ಅದರ ಲೆಕ್ಕವನ್ನು ಕೊನೆಯ ಪೈಸೆಯವರೆಗೂ ಓದುಗನಿಗೆ ಒಪ್ಪಿಸುತ್ತಾರೆ.

ಮೊದಲು ಎಚ್. ಜಿ. ವೆಲ್ಸ್ ಅವರ ‘ದಿ ಟೈಮ್ ಮಷೀನ್’ ಓದು. 1895ರ ಪುಸ್ತಕ, ಒಂದೆರಡು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು. ಆರಂಭದಲ್ಲೇ ಮೇಜಿನ ಮೇಲಿಟ್ಟ ಪುಟ್ಟ ಮಾದರಿ ಯಂತ್ರವೊಂದು ಎಲ್ಲರ ಕಣ್ಣೆದುರೇ ಮಾಯವಾಗುತ್ತದೆ. ಅದಕ್ಕೂ ಮೊದಲು ನಾಲ್ಕನೆಯ ಆಯಾಮದ ಬಗ್ಗೆ, ಅಂದರೆ ಕಾಲದ ಬಗ್ಗೆ, ಬಿಸಿಬಿಸಿ ಚರ್ಚೆ ನಡೆದಿರುತ್ತದೆ. ಆ ಚರ್ಚೆಯಿಂದ ನನಗೆ ನಂಬಿಕೆ ಬರಲಿಲ್ಲ. ಗಾಳಿ ಸುಳಿದು ದೀಪದ ಕುಡಿ ನೆಗೆದು, ಒಂದು ಮೇಣದಬತ್ತಿ ಆರಿಹೋಗುತ್ತದೆ ನೋಡು, ಆಗ ನಂಬಿದೆ. ಒಂದು ವಸ್ತು ಇದ್ದ ಜಾಗದಿಂದ ಇಲ್ಲವಾದರೆ ಆ ಜಾಗಕ್ಕೆ ಗಾಳಿ ನುಗ್ಗಲೇಬೇಕಲ್ಲ. ಮುಂದೆ ಕಥಾನಾಯಕ 802701ನೆಯ ಇಸವಿಗೆ ಹೋದ ಮೇಲೆ ಯಂತ್ರದ ಸದ್ದು ಹೆಚ್ಚಾಗಿ ಕೇಳುವುದೇ ಇಲ್ಲ. ನೆಲದ ಮೇಲೆ ಆಡಿಕೊಂಡಿರುವ ಒಂದು ಕುಲ, ನೆಲದಡಿಯಲ್ಲಿ ದುಡಿಯುವ ಇನ್ನೊಂದು ಕುಲ. ತನ್ನ ಕಾಲದ ಇಂಗ್ಲೆಂಡಿನಲ್ಲಿ ಒಡೆಯರಿಗೂ ಕಾರ್ಮಿಕರಿಗೂ ನಡುವೆ ಇದ್ದ ಕಂದಕವನ್ನು ವೆಲ್ಸ್ ಎಂಟು ಲಕ್ಷ ವರ್ಷ ಎಳೆದು ತೋರಿಸುತ್ತಾರೆ.

ಐಸಾಕ್ ಅಸಿಮೊವ್ ಅವರನ್ನು ಎಲ್ಲರೂ ಮೊದಲು ಹೇಳುತ್ತಾರೆ. ನನಗೆ ಅವರ ಪಾತ್ರಗಳು ತೆಳು ಎನಿಸುತ್ತವೆ. ಹೆಚ್ಚಿನವರು ಮಾತನಾಡುವುದಕ್ಕೆಂದೇ ಹುಟ್ಟಿದವರು. ಆದರೂ 1941ರ ‘ನೈಟ್‌ಫಾಲ್’ ಕಥೆಯನ್ನು ಬಿಡಬೇಡ. ಆರು ಸೂರ್ಯರಿರುವ ಆ ಲೋಕದಲ್ಲಿ ಎರಡು ಸಾವಿರ ವರ್ಷಗಳಿಗೊಮ್ಮೆ ಮಾತ್ರ ರಾತ್ರಿಯಾಗುತ್ತದೆ. ಅಲ್ಲಿನ ವೀಕ್ಷಣಾಲಯದ ಪಂಡಿತರು ದೊಂದಿಯನ್ನು ಹೊಸ ಆವಿಷ್ಕಾರವೆಂಬಂತೆ ಹೊತ್ತಿಸುತ್ತಾರೆ. ಕತ್ತಲನ್ನೇ ಕಾಣದವರಿಗೆ ದೀಪ ಯಾಕೆ ಬೇಕಿತ್ತು? ಅಸಿಮೊವ್ ಲೆಕ್ಕ ತಪ್ಪದ ಜಾಗ ಅದು.

ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರದವರು ಪೋಲೆಂಡಿನ ಸ್ತಾನಿಸ್ಲಾವ್ ಲೆಮ್. ಅವರ ‘ಸೋಲಾರಿಸ್’ ಬಂದದ್ದು 1961ರಲ್ಲಿ. ಒಂದು ಗ್ರಹವನ್ನು ಸಮುದ್ರ ಆವರಿಸಿದೆ. ಆ ಸಮುದ್ರಕ್ಕೆ ಜೀವವಿದೆ, ಬಹುಶಃ ಬುದ್ಧಿಯೂ ಇದೆ. ಅದರ ಮೇಲೆ ತೇಲುವ ನಿಲ್ದಾಣಕ್ಕೆ ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞ ಬರುತ್ತಾನೆ. ನಿದ್ದೆಯಿಂದ ಎದ್ದು ನೋಡಿದರೆ, ವರ್ಷಗಳ ಹಿಂದೆ ತೀರಿಕೊಂಡ ಅವನ ಹೆಂಡತಿ ಹರೆ ಕೋಣೆಯಲ್ಲಿ ಕುಳಿತಿದ್ದಾಳೆ. ಸಮುದ್ರ ಅವಳನ್ನು ಅವನ ನೆನಪಿನಿಂದ ಕಡೆದು ಕಳುಹಿಸಿದೆ.

ಇಲ್ಲಿ ಬೇರೆಯವರಾಗಿದ್ದರೆ ಕಣಗಳ ವಿಷಯ, ಅಣುಗಳ ವಿಷಯ ತೆಗೆಯುತ್ತಿದ್ದರು. ಲೆಮ್ ಅದನ್ನೂ ಮಾಡುತ್ತಾರೆ, ಆಮೇಲೆ. ಮೊದಲು ಅವರು ತೋರಿಸುವುದು ಅವಳ ಉಡುಪನ್ನು. ಅದನ್ನು ಕಳಚಬೇಕಾದ ಸಂದರ್ಭ ಬರುತ್ತದೆ. ನೋಡಿದರೆ ಗುಂಡಿಗಳು ಬರೀ ಅಲಂಕಾರಕ್ಕೆ ಇವೆ, ಬಿಚ್ಚಲು ಜಾಗವೇ ಇಲ್ಲ. ಕತ್ತರಿಯಿಂದ ಕತ್ತರಿಸಬೇಕಾಗುತ್ತದೆ. ಯೋಚಿಸು: ಗಂಡನ ನೆನಪಿನಲ್ಲಿ ಉಳಿದದ್ದು ಆ ಉಡುಪು ಕಾಣುತ್ತಿದ್ದ ರೀತಿ, ಅದನ್ನು ತೊಡುತ್ತಿದ್ದ ರೀತಿಯಲ್ಲ. ಅವನು ಹೆದರಿ ಅವಳನ್ನು ರಾಕೆಟ್ಟಿನಲ್ಲಿ ಕೂರಿಸಿ ದೂರ ಕಳುಹಿಸುತ್ತಾನೆ. ಅವಳು ಮತ್ತೆ ಬರುತ್ತಾಳೆ, ಅದೇ ಮುಖ, ಅದೇ ಉಡುಪು. ಈಗ ಕೋಣೆಯಲ್ಲಿ ಕತ್ತರಿಸಿದ ಎರಡು ಉಡುಪುಗಳಿವೆ, ಒಂದರಂತೆ ಇನ್ನೊಂದು. ಇಡೀ ಪುಸ್ತಕದ ಭೀತಿ, ಪ್ರೀತಿ ಎರಡೂ ಆ ಎರಡು ಬಟ್ಟೆಗಳಲ್ಲಿವೆ. ಈ ಪುಟಗಳನ್ನು ನಿಧಾನವಾಗಿ ಓದು, ಬೇಕಾದರೆ ಕೈಯಲ್ಲಿ ಬರೆದು ನೋಡು.

ಸಮುದ್ರ ಏನೆಂದು ಕೊನೆಗೂ ಯಾರಿಗೂ ತಿಳಿಯುವುದಿಲ್ಲ. ಅದಕ್ಕಾಗಿಯೇ ನನ್ನ ಕಪಾಟಿನಲ್ಲಿ ‘ಸೋಲಾರಿಸ್’ ಪಕ್ಕದಲ್ಲಿ ತೇಜಸ್ವಿಯವರ ‘ಕರ್ವಾಲೋ’ ಇದೆ. ಅದನ್ನು ವಿಜ್ಞಾನ ಕಥೆಗಳ ಸಾಲಿಗೆ ಸೇರಿಸಲು ಹಲವರು ಒಪ್ಪಲಿಕ್ಕಿಲ್ಲ. ಅಲ್ಲಿ ರಾಕೆಟ್ ಇಲ್ಲ, ಭವಿಷ್ಯವಿಲ್ಲ. ಹಾರುವ ಓತಿಯೊಂದರ ಹುಡುಕಾಟವಿದೆ, ಮಲೆನಾಡಿನ ಕಾಡಿದೆ, ಓದು ಹತ್ತದ ಮಂದಣ್ಣನಿದ್ದಾನೆ. ವಿಜ್ಞಾನಿ ಕರ್ವಾಲೋ ಅವನಲ್ಲಿ ಒಬ್ಬ ಪ್ರಕೃತಿ ವೀಕ್ಷಕನನ್ನು ಗುರುತಿಸುತ್ತಾನೆ, ಊರಿನವರಿಗೆ ಅದು ಕಾಣುವುದಿಲ್ಲ. ಕೊನೆಗೆ ಅಷ್ಟು ಪಾಡುಪಟ್ಟು ಹುಡುಕಿದ ಓತಿ ಕಣಿವೆಯ ಮೇಲೆ ತೇಲಿ ಹೊರಟುಹೋಗುತ್ತದೆ. ತಿಳಿಯಲು ಹೊರಟವನ ಹಂಬಲ, ಕೈಗೆ ಸಿಗದೆ ಉಳಿಯುವ ಲೋಕ: ಲೆಮ್ ಬರೆದದ್ದೂ ಇದನ್ನೇ. ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯಲು ಹೊರಟವರು ತೇಜಸ್ವಿಯವರ ಮೂಡಿಗೆರೆಯ ದಾರಿಯನ್ನು ಒಮ್ಮೆ ಹಾದು ಹೋಗಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಈಗ ನಿನ್ನ ಯಂತ್ರಕ್ಕೆ ಬರೋಣ. ಆವಿ ಒಂದು ಲೀಟರ್ ನೀರಾಗಿ ಇಳಿಯುವಾಗ ಸುಮಾರು 2,400 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಒಂದು ಸಾವಿರ ವ್ಯಾಟಿನ ಹೀಟರ್ 40 ನಿಮಿಷ ಉರಿದಷ್ಟು. 15 ಲೀಟರಿನ ಒಂದು ಬಕೆಟ್ಟಿಗೆ ಅದೇ ಹೀಟರ್ 10 ಗಂಟೆ ಉರಿದಷ್ಟು. ಯಂತ್ರ ಓಡಲು ಬೇಕಾದ ವಿದ್ಯುತ್ತೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರುತ್ತದೆ. ಈ ಬಿಸಿಯೆಲ್ಲ ಎಲ್ಲಿಗೆ ಹೋಗಬೇಕು? ಮಹಡಿ ಮನೆಯವರ ತಾರಸಿಯಲ್ಲಿ ಯಂತ್ರ, ಅದರ ಬಿಸಿ ಗಾಳಿ ಹಿಂದಿನ ವಠಾರದ ಕಿಟಕಿಗಳಿಗೆ. ಮಾರ್ಚ್ ತಿಂಗಳ ಒಣ ಹವೆಯಲ್ಲಿ, ಅಂದರೆ ನೀರು ತೀರಾ ಬೇಕಾದ ಹೊತ್ತಿನಲ್ಲೇ, ಯಂತ್ರ ಕೊಡುವ ನೀರು ಕಡಿಮೆಯಾಗುತ್ತದೆ. ಟ್ಯಾಂಕರ್ ಮಾಲೀಕರು ಸುಮ್ಮನಿರುತ್ತಾರೆಯೇ? ಯಂತ್ರಗಳನ್ನು ಮೊದಲು ಕೊಂಡು ಸಾಲಾಗಿ ನಿಲ್ಲಿಸುವವರು ಅವರೇ. ನೀನು ಅಲಂಕಾರಕ್ಕೆ ತಂದ ವಿಜ್ಞಾನವೇ ಕಥೆ ಕಟ್ಟಿಕೊಡುತ್ತಿದೆ, ನೋಡು. ವಿಜ್ಞಾನ ನಿನ್ನ ಕೈ ಕಟ್ಟುವ ಕಡೆಗಳಲ್ಲೇ ಒಳ್ಳೆಯ ಸನ್ನಿವೇಶಗಳು ಸಿಗುತ್ತವೆ.

ಆರ್ಥರ್ ಸಿ. ಕ್ಲಾರ್ಕ್ ಈ ಕಟ್ಟನ್ನು ಎಷ್ಟು ಗೌರವಿಸಿದರೆಂದರೆ, ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’ ಕಾದಂಬರಿಗಾಗಿ ತಾವು ನೆಲೆಸಿದ್ದ ಶ್ರೀಲಂಕಾವನ್ನೇ ದಕ್ಷಿಣಕ್ಕೆ ಜರುಗಿಸಿ ಭೂಮಧ್ಯರೇಖೆಯ ಮೇಲೆ ಕೂರಿಸಿದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಗೆ, ಅಂದರೆ ಉಪಗ್ರಹ ನೆಲದ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಕಕ್ಷೆಗೆ, ಏರುವ ಗೋಪುರದ ಕಥೆ ಅದು. ಅಂಥ ಕಕ್ಷೆ ಇರುವುದು ಭೂಮಧ್ಯರೇಖೆಯ ನೇರ ಮೇಲೆ, ಗೋಪುರವೂ ಅಲ್ಲೇ ನಿಲ್ಲಬೇಕು. ಭೌತಶಾಸ್ತ್ರವನ್ನು ಬಗ್ಗಿಸಲು ಮನಸ್ಸು ಬಾರದೆ ದ್ವೀಪವನ್ನು ಸರಿಸಿದ ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಬೇಗಂ ರೊಕೆಯಾ ಅವರ ‘ಸುಲ್ತಾನಾಸ್ ಡ್ರೀಮ್’ ಓದಿದ್ದೀಯಾ? ಓದಿಲ್ಲವೆಂದು ನನ್ನ ಊಹೆ, ಯಾಕೆಂದರೆ ನಿನ್ನ ಯಂತ್ರ ಅದರಲ್ಲಿದೆ. ಬಂಗಾಳದ ಆ ಮಹಿಳೆ ಇಂಗ್ಲಿಷಿನಲ್ಲಿ ಬರೆದ ಈ ಕಥೆ 1905ರಲ್ಲಿ ಮದ್ರಾಸಿನ ‘ದಿ ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಅದರಲ್ಲಿ ಮಹಿಳಾ ವಿಶ್ವವಿದ್ಯಾಲಯವೊಂದು ಮೋಡಗಳ ಮೇಲೆ ಬಲೂನು ತೇಲಿಸಿ, ಕೊಳವೆಗಳ ಮೂಲಕ ಆಕಾಶದಿಂದ ಬೇಕಾದಷ್ಟು ನೀರು ಇಳಿಸಿಕೊಳ್ಳುತ್ತದೆ. ಇನ್ನೊಂದು ವಿಶ್ವವಿದ್ಯಾಲಯ ಬಿಸಿಲಿನ ಶಾಖವನ್ನು ಕೂಡಿಡುತ್ತದೆ. ಆ ಹೊತ್ತಿಗೆ ಸೈನ್ಯ ಬೆಳೆಸುವುದರಲ್ಲಿ ಮುಳುಗಿದ್ದ ಗಂಡಸರು ಇದನ್ನೆಲ್ಲ ನೋಡಿ ನಗುತ್ತಾರೆ. ಶತ್ರುಗಳು ದಂಡೆತ್ತಿ ಬಂದಾಗ ಸೈನ್ಯ ಸೋಲುತ್ತದೆ. ಶತ್ರುವನ್ನು ಓಡಿಸುವುದು ಕೂಡಿಟ್ಟ ಬಿಸಿಲು. ಅಲ್ಲಿಂದ ಮುಂದೆ ಗಂಡಸರು ಒಳಮನೆಯಲ್ಲಿ, ಹೆಂಗಸರು ಬೀದಿಯಲ್ಲಿ. ಪರ್ದಾ ಪದ್ಧತಿಯ ನಡುವೆ ಬದುಕಿದ ರೊಕೆಯಾ ಅವರಿಗೆ ನೀರಿನ ಕೊಳವೆ ಯಾರ ಕೈಯಲ್ಲಿದೆ ಎಂಬುದೇ ಮುಖ್ಯವಾಯಿತು. ನಿನ್ನ ಕಥೆಯಲ್ಲಿ ಬೆಳಗಿನ ಜಾವ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ಒಬ್ಬ ಹೆಂಗಸೂ ಬರುವುದಿಲ್ಲ. ನೀರಿನ ಕಥೆಯಲ್ಲಿ ಅವಳಿಲ್ಲದಿದ್ದರೆ ಹೇಗೆ, ತಂಗಿ?

ಅರ್ಸುಲಾ ಲ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಅನ್ನು ಇದರ ಬೆನ್ನಿಗೇ ಓದು. 1969ರ ಕಾದಂಬರಿ. ಆ ಹಿಮಲೋಕದ ಜನ ಸದಾ ಗಂಡಾಗಿಯೋ ಹೆಣ್ಣಾಗಿಯೋ ಇರುವುದಿಲ್ಲ. ಹೆರುವ ಹೊಣೆ ಯಾರ ಪಾಲಿಗೂ ಬರಬಹುದು, ರಾಜನೇ ಬಸುರಿಯಾಗಬಹುದು. ಮೊದಲ ಅಧ್ಯಾಯಗಳು ನಿಧಾನ, ತಾಳ್ಮೆ ಬೇಕು. ಹಿಮದ ಬಯಲನ್ನು ಇಬ್ಬರು ಜಾರುಬಂಡಿ ಎಳೆದುಕೊಂಡು ದಾಟುವ ಭಾಗಕ್ಕೆ ಬಂದ ಮೇಲೆ ನೀನು ಪುಸ್ತಕವನ್ನು ಕೆಳಗಿಡುವುದಿಲ್ಲ. ಒಂದು ಡೇರೆ, ಎಣಿಸಿ ತಿನ್ನುವ ಆಹಾರ, ಒಬ್ಬರನ್ನೊಬ್ಬರು ಅರಿಯದ ಎರಡು ಜೀವ.

ಕನ್ನಡದಲ್ಲಿ ಇಂಥ ಕಥೆ ಬರೆದರೆ ಯಾರು ಓದುತ್ತಾರೆ ಎಂದು ಪತ್ರದ ಕೊನೆಯಲ್ಲಿ ಅನುಮಾನಪಟ್ಟಿದ್ದೀಯ. ಲೆಮ್ ಬರೆದದ್ದು ಪೋಲಿಷ್ ಭಾಷೆಯಲ್ಲಿ. ‘ಸೋಲಾರಿಸ್’ ಇಂಗ್ಲಿಷಿಗೆ ಮೊದಲು ಬಂದದ್ದು ಫ್ರೆಂಚ್ ಅನುವಾದದಿಂದ. ಅಷ್ಟು ಕೈ ದಾಟಿ ಬಂದರೂ ಆ ಉಡುಪಿನ ಗುಂಡಿಗಳು ಕಳೆದುಹೋಗಲಿಲ್ಲ. ‘ದಿ ತ್ರೀ ಬಾಡಿ ಪ್ರಾಬ್ಲಮ್’ ಬರೆದ ಲಿಯು ಸಿಶಿನ್ ಚೀನಾದ ಒಂದು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ಜಯಂತ ನಾರ್ಲೀಕರ್ ಜಗತ್ತೇ ಬಲ್ಲ ಖಗೋಳ ವಿಜ್ಞಾನಿ. ಆದರೂ 1974ರಲ್ಲಿ ಮರಾಠಿಯಲ್ಲಿ ಕಥೆ ಬರೆದು, ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ಕಟ್ಟಿದ ಗುಪ್ತನಾಮದಲ್ಲಿ ಸ್ಪರ್ಧೆಗೆ ಕಳುಹಿಸಿದರು. ಬಹುಮಾನ ಕಥೆಗೇ ಬಂತು. ನಿನ್ನ ಹೆಂಗಸು ಕೊಡ ಹಿಡಿದು ಜಗಳವಾಡುವುದು ಯಾವ ಭಾಷೆಯಲ್ಲಿ? ಆ ಭಾಷೆಯಲ್ಲೇ ಬರೆ.

ವಿಜ್ಞಾನಿಯ ಆ ಮೂರು ಪುಟಗಳನ್ನು ತೆಗೆದುಬಿಡು. ಯಂತ್ರ ಬಂದ ಎರಡನೆಯ ಬೇಸಿಗೆಯಿಂದ, ಹಿಂದಿನ ವಠಾರದ ಕಿಟಕಿಯೊಳಗಿನಿಂದ ಕಥೆ ಆರಂಭಿಸು. ಯಂತ್ರದ ಒಳಗೆ ಏನಿದೆ ಎಂದು ಅಲ್ಲಿರುವವರಿಗೆ ಗೊತ್ತಿರಬೇಕಾಗಿಲ್ಲ. ಅದರ ಬಿಸಿ ಗೊತ್ತಿದ್ದರೆ ಸಾಕು. ಬರೆದಾದ ಮೇಲೆ ಅಂಚೆಯಲ್ಲೇ ಕಳುಹಿಸು, ಪಕ್ಕದಲ್ಲಿ ಗುರುತು ಹಾಕಲು ನನಗೆ ಕಾಗದವೇ ಬೇಕು. ಸಾಲುಗಳ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಡು.

ಇತಿ,
ನಿನ್ನ ಹಿತೈಷಿ